ಅಳಿಸಲು ಬಾರದ ಮೂವತ್ತಾರು ಚಿತ್ರಗಳು

ಫಿಲ್ಮ್ ಕ್ಯಾಮೆರಾದ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರಲ್ಲಿ ಹೆಚ್ಚಿನವರು ಕತ್ತಲೆ ಕೋಣೆಯೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ನಾನೂ ಆ ಗುಂಪಿನವನೇ. ರೀಲು ತೊಳೆಯಲು ಕೊಡುವುದು, ಕೆಲವು ದಿನ ಬಿಟ್ಟು ಹೋಗಿ ಲಕೋಟೆ ತರುವುದು, ಮನೆ ಮುಟ್ಟುವವರೆಗೂ ತಾಳಲಾರದೆ ದಾರಿಯಲ್ಲೇ ನಿಂತು ಬಿಚ್ಚಿ ನೋಡುವುದು, ಇಷ್ಟೇ ನಮ್ಮ ಪಾಲಿನ ಛಾಯಾಗ್ರಹಣವಾಗಿತ್ತು. ಕೊಟ್ಟದ್ದಕ್ಕೂ ತಂದದ್ದಕ್ಕೂ ನಡುವೆ ಏನು ನಡೆಯುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ.

ಕೇಳಬಾರದು ಎಂದೇ ಆ ವ್ಯಾಪಾರ ಶುರುವಾದದ್ದು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಕ್ ಕ್ಯಾಮೆರಾ ನೂರು ಚಿತ್ರಗಳಿಗೆ ಸಾಲುವ ಫಿಲ್ಮನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತಿತ್ತು. ನೂರೂ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳುಹಿಸಬೇಕು. ಅವರು ಚಿತ್ರಗಳನ್ನು ಅಚ್ಚು ಹಾಕಿ, ಹೊಸ ಫಿಲ್ಮ್ ತುಂಬಿ ಹಿಂದಿರುಗಿಸುತ್ತಿದ್ದರು. ನೀವು ಗುಂಡಿ ಒತ್ತಿ, ಮಿಕ್ಕದ್ದು ನಮ್ಮ ಕೆಲಸ ಎಂಬುದು ಅವರ ಜಾಹೀರಾತು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಬಹುಪಾಲು ಜನ ಗುಂಡಿಯನ್ನಷ್ಟೇ ಒತ್ತಿದರು. ಆದ್ದರಿಂದ ನಾವು ಈಗ ಕಳೆದುಕೊಂಡೆವೆಂದು ಹಲುಬುವ ವಸ್ತುವಿನ ಅರ್ಧ ಭಾಗ ನಮ್ಮ ಕೈಯಲ್ಲಿ ಎಂದೂ ಇರಲೇ ಇಲ್ಲ. ಆ ಅರ್ಧವನ್ನು ಕಾಣಬೇಕೆಂಬ ಹಟ ನನಗೆ ಹುಟ್ಟಿದ್ದು ತಡವಾಗಿ, ಮೊಬೈಲಿನಲ್ಲಿ ಸಾವಿರಗಟ್ಟಲೆ ಚಿತ್ರಗಳು ತುಂಬಿ ಜಾಗ ಸಾಲುತ್ತಿಲ್ಲ ಎಂಬ ಎಚ್ಚರಿಕೆ ದಿನವೂ ಬರತೊಡಗಿದ ಮೇಲೆ.

ನನ್ನ ಸೋದರಮಾವ ಮಾತ್ರ ಆ 'ಮಿಕ್ಕದ್ದನ್ನು' ಮಾಡುತ್ತಿದ್ದವರು. ಡಿಜಿಟಲ್ ಬಂದು ನೆಲೆ ನಿಲ್ಲುವವರೆಗೂ ಒಂದು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ದುಡಿದವರು. ನಾನೇ ತೆಗೆದು, ನಾನೇ ತೊಳೆದು, ನಾನೇ ಪ್ರಿಂಟ್ ಹಾಕಬೇಕೆಂದಿದ್ದೇನೆ ಎಂದಾಗ ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವರು ಮಾತಾಡದೆ ಎರಡು ಕೈಗಳನ್ನೂ ಚಾಚಿದರು. ಬೆರಳ ಸಂದುಗಳಲ್ಲಿ ಚರ್ಮ ಇನ್ನೂ ಒರಟು. ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರಿನಲ್ಲಿರುವ ಮೆಟಾಲ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ತುರಿಕೆ ಹತ್ತಿ, ಕೆಂಪಾಗಿ, ಬಿರಿಯುತ್ತದೆ.

"ಡಿಜಿಟಲ್ ಬಂತು, ನನ್ನ ಕೈ ಉಳಿಯಿತು. ನಿನಗೇಕೆ ಬೇಕು ಇದು?" ಎಂದರು.

"ಸುಮ್ಮನೆ ಮಾವ, ಒಮ್ಮೆ ನೋಡೋಣ ಎಂದು."

"ಸುಮ್ಮನೆ ಮಾಡುವ ಕೆಲಸವಲ್ಲ ಇದು. ಕೈಗವಸು ಹಾಕಿಕೊಳ್ಳುವುದಾದರೆ ಬಾ."

ಹೀಗೆ ಹಳೆಯ ಕಾಲದ ಬಗ್ಗೆ ಎಳ್ಳಷ್ಟೂ ಹಂಬಲವಿಲ್ಲದ ಗುರು ನನಗೆ ಸಿಕ್ಕರು. ಅದು ನನ್ನ ಅದೃಷ್ಟವೆಂದೇ ತಿಳಿಯುತ್ತೇನೆ.

ಕ್ಯಾಮೆರಾ ಪೂರ್ತಿ ಯಾಂತ್ರಿಕವಾದದ್ದು. ಬ್ಯಾಟರಿ ಇಲ್ಲದಿದ್ದರೂ ಷಟರ್ ಬೀಳುತ್ತದೆ. ಆದರೆ ಬೆಳಕು ಅಳೆಯುವ ಮೀಟರಿಗೆ ಬ್ಯಾಟರಿ ಬೇಕು. ಅದು ಕೇಳುವುದು 1.35 ವೋಲ್ಟಿನ ಪಾದರಸದ ಗುಂಡಿ ಬ್ಯಾಟರಿ. ಪಾದರಸದ ವಿಷದ ಕಾರಣಕ್ಕೆ ಅನೇಕ ದೇಶಗಳು ಅವುಗಳ ಮಾರಾಟವನ್ನೇ ನಿಲ್ಲಿಸಿವೆ. ಈಗ ಸಿಗುವ ಅದೇ ಅಳತೆಯ ಆಲ್ಕಲೈನ್ ಬ್ಯಾಟರಿ 1.5 ವೋಲ್ಟಿನಿಂದ ಶುರುವಾಗಿ ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಮೀಟರ್ ಸುಳ್ಳು ಹೇಳುತ್ತದೆ, ಅದೂ ದಿನಕ್ಕೊಂದು ಸುಳ್ಳು. ಹಿಂಬಾಗಿಲಿನ ಅಂಚಿಗೆ ಬೆಳಕು ನುಗ್ಗದಂತೆ ಅಂಟಿಸಿದ್ದ ಸ್ಪಂಜಿನ ಪಟ್ಟಿ ಕರಗಿ ಕಪ್ಪು ಅಂಟಾಗಿತ್ತು. ಅನೇಕ ಹಳೆಯ ಕ್ಯಾಮೆರಾಗಳಿಗೆ ಬರುವ ರೋಗ ಇದು. ಅಂಟನ್ನು ಕೆರೆದು ತೆಗೆದು ಹೊಸ ಪಟ್ಟಿ ಹಾಕಿದ್ದಾಯಿತು. ಮೀಟರನ್ನು ಮರೆತುಬಿಡು ಎಂದರು ಮಾವ. ಚೊಕ್ಕ ಬಿಸಿಲಿದ್ದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಎಫ್/16; ಷಟರಿನ ವೇಗ ಫಿಲ್ಮಿನ ಬೆಳಕಿನ ಸೂಕ್ಷ್ಮತೆ ತಿಳಿಸುವ ಐಎಸ್‌ಒ ಸಂಖ್ಯೆಗೆ ಹತ್ತಿರದ್ದು. ಅಂದರೆ 400ರ ಫಿಲ್ಮಿಗೆ ಸೆಕೆಂಡಿನ 500ನೆಯ ಒಂದು ಭಾಗ. ಮೋಡ ಕವಿದರೆ ಅಪರ್ಚರನ್ನು ಒಂದೊಂದೇ ಹೆಜ್ಜೆ ತೆರೆಯುತ್ತಾ ಹೋಗು, ನೆರಳಿಗೆ ಬಂದರೆ ಇನ್ನೂ ತೆರೆ. ಇಷ್ಟೇ ಪಾಠ.

ಬಣ್ಣದ ಫಿಲ್ಮನ್ನು ಮನೆಯಲ್ಲಿ ತೊಳೆಯಬಾರದೆಂದೇನಿಲ್ಲ. ಆದರೆ 1972ರಿಂದ ಬಣ್ಣದ ನೆಗೆಟಿವ್‌ಗಳಿಗೆ ಬಳಕೆಯಲ್ಲಿರುವ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಿಲ್ಲಬೇಕು, ಸಮಯ 3 ನಿಮಿಷ 15 ಸೆಕೆಂಡ್, ಅತ್ತಿತ್ತ ಸರಿದರೆ ಬಣ್ಣ ಸರಿಯುತ್ತದೆ. ಕೊಡಕ್ರೋಮಿನ ಕಥೆ ಇನ್ನೂ ಕಷ್ಟದ್ದು: 1935ರಲ್ಲಿ ಬಂದ ಆ ಫಿಲ್ಮನ್ನು ತೊಳೆಯುವ ವಿಧಾನ ಮನೆಯವರ ಕೈಗೆ ಎಟುಕುವಂಥದ್ದೇ ಆಗಿರಲಿಲ್ಲ. 2009ರಲ್ಲಿ ಕೊಡಕ್ ಅದರ ತಯಾರಿಕೆ ನಿಲ್ಲಿಸಿತು. 2010ರ ಕೊನೆಗೆ, ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಕೂಡ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅದಾದ ಮೇಲೆ ಯಾರದೋ ಡ್ರಾಯರಿನಲ್ಲಿ ಉಳಿದುಹೋದ ಕೊಡಕ್ರೋಮಿನಿಂದ ಅದರ ಬಣ್ಣಗಳನ್ನು ಹೊರತೆಗೆಯುವ ದಾರಿ ಇಲ್ಲವೆಂದೇ ಹೇಳಬೇಕು. ಕಪ್ಪು ಬಿಳುಪು ಹಾಗಲ್ಲ. ಅದರ ರಸಾಯನಶಾಸ್ತ್ರ ಹಳೆಯದು, ಸರಳ, ಯಾರ ಅಪ್ಪಣೆಗೂ ಕಾಯುವುದಿಲ್ಲ. ನಾನು ತಂದದ್ದು ಇಲ್ಫೋರ್ಡ್ ಎಚ್‌ಪಿ5 ಪ್ಲಸ್, ಐಎಸ್‌ಒ 400, ಮೂವತ್ತಾರು ಚಿತ್ರಗಳದ್ದು.

ಚಿತ್ರ ತೆಗೆಯುವ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಫಿಲ್ಮ್ ನಮ್ಮನ್ನು ನಿಧಾನಗೊಳಿಸುತ್ತದೆ, ಒಂದೊಂದು ಚಿತ್ರಕ್ಕೂ ಯೋಚಿಸುವಂತೆ ಮಾಡುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೊಗ್ರ್ಯಾಂಡ್ 1984ರಲ್ಲಿ ತೀರಿಕೊಂಡಾಗ ತೊಳೆಯದೆ ಉಳಿದಿದ್ದ ಅವರ ರೀಲುಗಳ ಸಂಖ್ಯೆಯೇ ಸುಮಾರು 2,500. ಯೋಚಿಸದೆ ಒತ್ತುವವನನ್ನು ಫಿಲ್ಮ್ ತಡೆಯುವುದಿಲ್ಲ. ಅದು ತಡೆಯುವುದು ಬೇರೊಂದನ್ನು: ಒತ್ತಿದ ಮರುಕ್ಷಣ ಕ್ಯಾಮೆರಾದ ಬೆನ್ನು ನೋಡುವ ಚಾಳಿಯನ್ನು. ನನ್ನ ಹೆಬ್ಬೆರಳು ಮೊದಮೊದಲು ಪ್ರತಿ ಚಿತ್ರದ ನಂತರವೂ ಅಲ್ಲಿ ಇಲ್ಲದ ಪರದೆಯನ್ನು ಹುಡುಕುತ್ತಿತ್ತು. ಪರದೆ ಇಲ್ಲದಿದ್ದರೆ ಎದುರಿನಲ್ಲಿರುವವರೂ ಹತ್ತಿರ ಬಂದು "ತೋರಿಸು" ಎನ್ನುವುದಿಲ್ಲ. ಹೀಗಾಗಿ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬ ತೀರ್ಪು ಆ ಜಾಗದಲ್ಲಿ, ಆ ಗಳಿಗೆಯಲ್ಲಿ ಆಗುವುದೇ ಇಲ್ಲ. ಇದು ಎಷ್ಟು ದೊಡ್ಡ ವ್ಯತ್ಯಾಸ ಎಂಬುದು ನನಗೆ ಆಗ ಹೊಳೆಯಲಿಲ್ಲ.

ರೀಲಿನ ಮಧ್ಯದಲ್ಲಿ ಅತ್ತೆಯ ಚಿತ್ರಗಳಿವೆ. ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದೆ. ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಉಸಿರು ಹಿಡಿದು ಕೂತರು. ಒತ್ತಿದೆ. ಫಿಲ್ಮ್ ಮುಂದಕ್ಕೆ ಸರಿಸುವ ಸನ್ನೆಯನ್ನು ಎಳೆಯುವಷ್ಟರಲ್ಲಿ "ಮುಗಿಯಿತೇನೋ?" ಎನ್ನುತ್ತಾ ನಕ್ಕು ಅರ್ಧ ಎದ್ದೇಬಿಟ್ಟರು. ಕಣ್ಣಿಗೆ ಹಿಡಿದಿದ್ದ ಕ್ಯಾಮೆರಾ ಇಳಿಸುವ ಮೊದಲು ಇನ್ನೊಮ್ಮೆ ಒತ್ತಿದೆ. ಅದು ದಂಡವಾಯಿತು ಎಂದುಕೊಂಡೇ ಮುಂದೆ ಹೋದೆ.

ನಿಜವಾದ ಕೆಲಸ ಶುರುವಾದದ್ದು ಕತ್ತಲೆಯಲ್ಲಿ. ಕೆಂಪು ದೀಪದ ಕೆಳಗೆ ಫಿಲ್ಮ್ ತೊಳೆಯುತ್ತಾರೆ ಎಂದು ತಿಳಿದಿದ್ದೆ. ಆ ದೀಪ ಪ್ರಿಂಟ್ ಹಾಕುವಾಗ ಮಾತ್ರ. ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಆದರೆ ಇಂದಿನ ಫಿಲ್ಮ್ ಎಲ್ಲ ಬಣ್ಣಗಳನ್ನೂ ಕಾಣುತ್ತದೆ. ಆದ್ದರಿಂದ ಅದನ್ನು ಡಬ್ಬಿಯಿಂದ ಹೊರತೆಗೆದು ಸುರುಳಿಗೆ ಏರಿಸಿ ತೊಟ್ಟಿಯಲ್ಲಿಟ್ಟು ಮುಚ್ಚುವವರೆಗೆ ಒಂದು ಗೆರೆಯಷ್ಟು ಬೆಳಕೂ ಕೂಡದು. ಬಾಗಿಲ ಕೆಳಗೆ ಬಟ್ಟೆ ತುರುಕಿ, ಮೊಬೈಲನ್ನು ಹೊರಗಿಟ್ಟು, ಹೊಳೆಯುವ ಮುಳ್ಳುಗಳ ಗಡಿಯಾರವನ್ನೂ ಬಿಚ್ಚಿಟ್ಟು ಕೂತೆವು. ಮಾವ ಮೊದಲು ಒಂದು ಹಾಳು ರೀಲನ್ನು ಕೊಟ್ಟು ಹಗಲಲ್ಲಿ, ಆಮೇಲೆ ಕಣ್ಣು ಮುಚ್ಚಿಸಿ, ಸುರುಳಿಗೆ ಏರಿಸುವುದನ್ನು ಅಭ್ಯಾಸ ಮಾಡಿಸಿದ್ದರು. ಆದರೂ ಕಣ್ಣು ಮುಚ್ಚುವುದು ಬೇರೆ, ಕಣ್ಣು ತೆರೆದೂ ಏನೂ ಕಾಣದಿರುವುದು ಬೇರೆ.

ಮೂವತ್ತಾರು ಚಿತ್ರಗಳ ಫಿಲ್ಮ್ ಬಿಚ್ಚಿದರೆ ಒಂದೂವರೆ ಮೀಟರಿಗೂ ಉದ್ದ. ಅಷ್ಟು ಹೊತ್ತು ಡಬ್ಬಿಯಲ್ಲಿ ಸುತ್ತಿಕೊಂಡಿದ್ದದ್ದು ಬಿಟ್ಟ ಕೂಡಲೇ ಮತ್ತೆ ಸುತ್ತಿಕೊಳ್ಳಲು ನೋಡುತ್ತದೆ. ಮೇಲ್ಮೈ ಮುಟ್ಟಬಾರದು, ಅಂಚುಗಳನ್ನಷ್ಟೇ ಹಿಡಿಯಬೇಕು. ಕತ್ತರಿಯಿಂದ ತುದಿಯ ಮೂಲೆಗಳನ್ನು ಸ್ವಲ್ಪ ಓರೆಯಾಗಿ ಕತ್ತರಿಸಿ, ಸುರುಳಿಯ ಹೊರಬಾಯಿಗೆ ಸಿಕ್ಕಿಸಿ, ಎರಡು ಬದಿಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾ ಹೋದರೆ ಫಿಲ್ಮ್ ತಾನಾಗಿ ಒಳಗೆ ನಡೆಯುತ್ತದೆ. ನಡೆಯದಿದ್ದರೆ ಬಲ ಹಾಕಬಾರದು. ಸುರುಳಿಯ ಮೇಲೆ ಒಂದು ಹನಿ ನೀರಿದ್ದರೂ, ಕೈ ಬೆವರಿ ಗಾಳಿ ತೇವವಾದರೂ ಅದು ಕಚ್ಚಿಕೊಂಡು ನಿಂತುಬಿಡುತ್ತದೆ. ಕುರುಡುಗತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ಇತ್ತು ಆ ಕೆಲಸ, ಸೂಜಿ ಮಾತ್ರ ಬಳುಕುತ್ತಿತ್ತು. ಪಕ್ಕದಲ್ಲಿ ಮಾವ ಏನೂ ಹೇಳದೆ ಕೇಳಿಸಿಕೊಳ್ಳುತ್ತಿದ್ದರು. ಸುರುಳಿಯ ಟಕಟಕ ಸದ್ದು ಒಂದೇ ಲಯದಲ್ಲಿದ್ದರೆ ಎಲ್ಲ ಸರಿ ಎಂದರ್ಥವಂತೆ. "ಈಗ ಬಿಗಿಯಾಯಿತು, ಒಂದು ಸುತ್ತು ಹಿಂದೆ ತೆಗೆ" ಎಂದರು ಒಮ್ಮೆ. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ನೋಡುವ ಈ ವಿದ್ಯೆ ಅವರೊಂದಿಗೇ ಹೋಗುವಂಥದ್ದು. ಅದಕ್ಕೆ ಅವರು ಮರುಗುತ್ತಾರೆಯೇ? ಇಲ್ಲ. ನಾನು ಮರುಗುತ್ತೇನೆ, ಏಕೆಂದರೆ ನನಗೆ ಅದರಿಂದ ಕೈ ಬಿರಿದಿಲ್ಲ.

ತೊಟ್ಟಿಯ ಮುಚ್ಚಳ ಬಿದ್ದ ಮೇಲೆ ದೀಪ ಹಾಕಬಹುದು. ಈ ಹೊತ್ತಿನಲ್ಲಿ ಫಿಲ್ಮಿನ ಮೇಲೆ ಚಿತ್ರ ಇದೆ, ಆದರೆ ಕಾಣುವಂತಿಲ್ಲ. ಜೆಲಟಿನ್ ಪದರದಲ್ಲಿ ಹರಡಿರುವ ಬೆಳ್ಳಿಯ ಸಂಯುಕ್ತದ ಹರಳುಗಳ ಮೇಲೆ ಬೆಳಕು ಬಿದ್ದಾಗ, ಒಂದು ಹರಳಿನಲ್ಲಿ ನಾಲ್ಕಾರು ಬೆಳ್ಳಿಯ ಪರಮಾಣುಗಳು ಒಂದೆಡೆ ಕೂಡಿಕೊಂಡರೂ ಸಾಕು, ಡೆವಲಪರ್ ಆ ಇಡೀ ಹರಳನ್ನು ಬೆಳ್ಳಿಯನ್ನಾಗಿ ಮಾಡುತ್ತದೆ. ಬೆಳಕು ಮುಟ್ಟದ ಹರಳನ್ನು ಬಿಟ್ಟುಬಿಡುತ್ತದೆ. ಕಪ್ಪಾಗಿ ಕಾಣುವುದು ಆ ಬೆಳ್ಳಿಯೇ. ಜೆಲಟಿನ್ ಎಂದರೆ ದನಗಳ ಮೂಳೆ, ಚರ್ಮದಿಂದ ತೆಗೆದದ್ದು. ಒಂದೊಂದು ಸರಕಿನ ಜೆಲಟಿನ್ ಒಂದೊಂದು ಬಗೆಯ ಫಿಲ್ಮ್ ಕೊಡುವುದೇಕೆ ಎಂದು 1920ರ ದಶಕದಲ್ಲಿ ಕೊಡಕ್ ವಿಜ್ಞಾನಿಗಳು ತಲೆಕೆಡಿಸಿಕೊಂಡಾಗ, ಅದರಲ್ಲಿರುವ ಗಂಧಕದ ಅಂಶವೇ ಫಿಲ್ಮಿನ ಸೂಕ್ಷ್ಮತೆಯನ್ನು ಹೆಚ್ಚಿಸುತ್ತದೆ ಎಂದು ತಿಳಿಯಿತು. ಆ ಗಂಧಕ ಬಂದದ್ದು ದನಗಳು ಮೇದ ಸಾಸಿವೆ ಗಿಡಗಳಿಂದ. ಮಾವನಿಗೆ ಇದನ್ನು ಹೇಳಿದೆ. "ಇರಬಹುದು. ಥರ್ಮಾಮೀಟರ್ ನೋಡು" ಎಂದರು.

ಅವರ ಪಾಲಿಗೆ ಇಡೀ ವಿದ್ಯೆ ಇರುವುದು ಥರ್ಮಾಮೀಟರಿನಲ್ಲಿ. ಡೆವಲಪರ್ ಡಿ-76, 1927ರಿಂದ ಚಲಾವಣೆಯಲ್ಲಿರುವ ಸೂತ್ರ: ಮೆಟಾಲ್, ಹೈಡ್ರೋಕ್ವಿನೋನ್, ಸೋಡಿಯಂ ಸಲ್ಫೈಟ್, ಬೊರಾಕ್ಸ್. ನೀರು ಬೆರೆಸಿ ತೆಳುಗೊಳಿಸದೆ ಹಾಗೆಯೇ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ನೀರು ಬೆಚ್ಚಗಿದ್ದರೆ ಸಮಯ ಕಡಿಮೆ, ತಣ್ಣಗಿದ್ದರೆ ಹೆಚ್ಚು. ಸುರಿದ ಮೊದಲ ಹತ್ತು ಸೆಕೆಂಡಿನಲ್ಲಿ ತೊಟ್ಟಿಯನ್ನು ನಾಲ್ಕು ಬಾರಿ ಮಗುಚಬೇಕು, ಆಮೇಲೆ ಪ್ರತಿ ನಿಮಿಷದ ಆರಂಭದಲ್ಲೂ ಮತ್ತೆ ನಾಲ್ಕು ಬಾರಿ. ಮಗುಚಿ ಇಟ್ಟ ಮೇಲೆ ತಳವನ್ನು ಮೇಜಿಗೆ ಮೆಲ್ಲನೆ ಕುಟ್ಟಬೇಕು. ಇಲ್ಲದಿದ್ದರೆ ಗಾಳಿಯ ಗುಳ್ಳೆ ಫಿಲ್ಮಿಗೆ ಅಂಟಿಕೊಂಡು ಅಲ್ಲಿ ಡೆವಲಪರ್ ತಾಗುವುದಿಲ್ಲ. ಈ ಏಳೂವರೆ ನಿಮಿಷ ಬೇರೇನೂ ಮಾಡುವಂತಿಲ್ಲ. ಧ್ಯಾನ, ಏಕಾಂತ ಎಂದೆಲ್ಲ ಬರೆಯುವವರುಂಟು. ನನಗೆ ಅನಿಸಿದ್ದು ಕಾವಲು ಕೆಲಸ ಎಂದು.

ಡೆವಲಪರ್ ಕ್ಷಾರ, ಅದನ್ನು ಚೆಲ್ಲಿ ಹುಳಿಯ ದ್ರಾವಣ ಸುರಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಫಿಕ್ಸರ್. ಬೆಳಕು ಮುಟ್ಟದೆ ಉಳಿದ ಹರಳುಗಳನ್ನು ಕರಗಿಸಿ ಒಯ್ಯುವುದು ಅದರ ಕೆಲಸ, ಇಲ್ಲವಾದರೆ ಚಿತ್ರ ಬೆಳಕಿಗೆ ಬಂದ ಮೇಲೂ ಕಪ್ಪಾಗುತ್ತಲೇ ಹೋಗುತ್ತದೆ. ಈ ಕೆಲಸಕ್ಕೆ ಒದಗುವ ಹೈಪೋ ಎಂಬ ಲವಣದ ಗುಣವನ್ನು ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡಿದ್ದರು, ಛಾಯಾಗ್ರಹಣ ಲೋಕಕ್ಕೆ ಪರಿಚಯವಾಗುವ ಇಪ್ಪತ್ತು ವರ್ಷ ಮೊದಲು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಾಟಲಿಯಲ್ಲಿ ಕಾದಿತ್ತು. ಹಳೆಯ ಸ್ಟುಡಿಯೋಗಳಲ್ಲಿ ಮೂಗಿಗೆ ಅಡರುತ್ತಿದ್ದ ಆ ತೀಕ್ಷ್ಣ ವಾಸನೆಯಲ್ಲಿ ಇದರ ಪಾಲು ದೊಡ್ಡದು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ, ಚರಂಡಿಗೆ ಸುರಿಯಬಾರದು. ಮಾವ ಅದಕ್ಕೆಂದೇ ಬೇರೆ ಕ್ಯಾನು ಇಟ್ಟಿದ್ದರು.

ನೀರಿನಲ್ಲಿ ತೊಳೆದು, ತೊಟ್ಟಿ ತೆರೆದು, ಫಿಲ್ಮನ್ನು ಸುರುಳಿಯಿಂದ ಬಿಡಿಸಿ ಮೇಲೆತ್ತಿದಾಗ ನನಗೆ ಕಂಡದ್ದು ಬರಿಯ ಕಪ್ಪು ಬಿಳಿ ಕಲೆಗಳು. ಮಾವ ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದು ಮೇಲಿನಿಂದ ಕೆಳಗೆ ಕಣ್ಣು ಹಾಯಿಸುತ್ತಾ ಓದತೊಡಗಿದರು. ಇದು ತೆಳು. ಇದು ದಪ್ಪ, ಅಪರ್ಚರ್ ಹೆಚ್ಚು ತೆರೆದಿದ್ದೀಯ. ಇದು ಅಲುಗಿದೆ. ಇದು ಸರಿ. ಬಿಳಿ ಕೂದಲು ಕಪ್ಪಾಗಿ, ಕಪ್ಪು ಕಣ್ಣು ಬಿಳಿಯಾಗಿ ಕಾಣುವ ಮುಖಗಳಲ್ಲಿ ಯಾರು ಯಾರೆಂದು ಅವರಿಗೆ ತಡವಿಲ್ಲದೆ ತಿಳಿಯುತ್ತಿತ್ತು. ತುದಿಗೆ ಕ್ಲಿಪ್ಪು ಸಿಕ್ಕಿಸಿ ಸ್ನಾನದ ಕೋಣೆಯಲ್ಲಿ ನೇತುಹಾಕಿ ಬಾಗಿಲು ಮುಚ್ಚಿದೆವು. ಮನೆಯಲ್ಲಿ ಧೂಳು ಕಡಿಮೆ ಇರುವ ಜಾಗ ಅದೊಂದೇ ಎಂಬುದು ಅವರ ವಾದ. ಅತ್ತೆಗೆ ಆ ಸಂಜೆ ಇಡೀ ಇದೇ ಸಿಟ್ಟು.

ಒಣಗಿದ ಫಿಲ್ಮನ್ನು ಆರಾರು ಚಿತ್ರಗಳ ಆರು ಪಟ್ಟಿಗಳಾಗಿ ಕತ್ತರಿಸಿ, ಒಂದೇ ಕಾಗದದ ಮೇಲೆ ಸಾಲಾಗಿ ಜೋಡಿಸಿ, ಮೇಲೆ ಗಾಜು ಒತ್ತಿ ಬೆಳಕು ಕೊಟ್ಟರೆ ಕಾಂಟ್ಯಾಕ್ಟ್ ಶೀಟ್ ಸಿಗುತ್ತದೆ. ಇಡೀ ರೀಲು ಒಂದೇ ಹಾಳೆಯಲ್ಲಿ, ಒಂದೊಂದು ಚಿತ್ರವೂ 24ಕ್ಕೆ 36 ಮಿಲಿಮೀಟರ್. ಈ ಇಡೀ ಪ್ರಯಾಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹಾಳೆ. ಪ್ರಿಂಟ್ ಅಲ್ಲ, ಕೆಂಪು ದೀಪ ಅಲ್ಲ, ಫಿಲ್ಮಿನ ಆ ಹರಳು ಹರಳಾದ ಮೈಯೂ ಅಲ್ಲ.

ಏಕೆಂದರೆ ಅಲ್ಲಿ ಏನೂ ಕಾಣೆಯಾಗಿರಲಿಲ್ಲ. ಅಲುಗಿದ್ದು, ಕಣ್ಣು ಮುಚ್ಚಿದ್ದು, ಕ್ಯಾಮೆರಾ ಚೀಲದೊಳಗೆ ಇಡುವಾಗ ಬೆರಳು ತಾಗಿ ಬಿದ್ದ ನೆಲದ ಚಿತ್ರ, ಎಲ್ಲವೂ ತಮ್ಮ ತಮ್ಮ ಸಂಖ್ಯೆಯೊಂದಿಗೆ ತಮ್ಮ ಜಾಗದಲ್ಲೇ ಕೂತಿದ್ದವು. ಸಂಖ್ಯೆ ಕಾರ್ಖಾನೆಯಲ್ಲೇ ಫಿಲ್ಮಿನ ಅಂಚಿನಲ್ಲಿ ಮೂಡಿಸಿದ್ದು. ಅದನ್ನು ಯಾರೂ ಬದಲಿಸಲಾರರು. ಮೊಬೈಲಿನಲ್ಲಿ ನಾನು ಒಂದೇ ದೃಶ್ಯವನ್ನು ಹತ್ತು ಬಾರಿ ತೆಗೆದು ಅಲ್ಲೇ ನಿಂತು ಒಂಬತ್ತನ್ನು ಅಳಿಸುತ್ತೇನೆ. ಆ ಒಂಬತ್ತರ ಬಗ್ಗೆ ತೀರ್ಪು ಕೊಡುವವನು ಆಗಷ್ಟೇ ಗುಂಡಿ ಒತ್ತಿದವನು, ತನಗೆ ಏನು ಬೇಕಿತ್ತು ಎಂಬುದನ್ನು ಇನ್ನೂ ಮನಸ್ಸಿನಲ್ಲಿ ಹೊತ್ತಿರುವವನು. ಅವನಿಗೆ ಬೇಕಾದದ್ದಕ್ಕೆ ಹೊಂದದ್ದೆಲ್ಲ ಅವನ ಕಣ್ಣಿಗೆ ಕಸ. ರೀಲು ಹಾಗಲ್ಲದೆ ತೀರ್ಪನ್ನು ಮುಂದಕ್ಕೆ ಹಾಕುತ್ತದೆ. ಹಾಳೆಯನ್ನು ಕೈಯಲ್ಲಿ ಹಿಡಿಯುವ ಹೊತ್ತಿಗೆ ನನಗೆ ಅಂದು ಏನು ಬೇಕಿತ್ತು ಎಂಬುದು ಅರ್ಧ ಮರೆತಿತ್ತು. ಅಲ್ಲಿ ಏನಿದೆಯೋ ಅದನ್ನು ನೋಡುವುದಷ್ಟೇ ಉಳಿದಿತ್ತು.

ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರ ಚಿತ್ರದಲ್ಲಿ ಇದ್ದದ್ದು ಕೇವಲ ಹತ್ತು ಸಾವಿರ ಚುಕ್ಕೆಗಳು. ಒಂದು ಚಿತ್ರ ಕ್ಯಾಸೆಟ್ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡ್ ಬೇಕಿತ್ತು. ಟೇಪಿನಲ್ಲಿ ಹೆಚ್ಚು ಹಿಡಿಯಬಹುದಾಗಿದ್ದರೂ ಅವರು 30 ಚಿತ್ರಗಳೆಂದು ಮಿತಿ ಹಾಕಿದರು, 24 ಮತ್ತು 36ರ ನಡುವಿನ ಸಂಖ್ಯೆ ಎಂದು. ರೀಲಿನ ಅಳತೆ ಜನರ ತಲೆಯಲ್ಲಿ ಅಷ್ಟು ಕೂತಿತ್ತು. ಆ ಮಿತಿ ಉಳಿದಿದ್ದರೆ, ಮತ್ತು ಅಳಿಸುವ ಗುಂಡಿ ಇಲ್ಲದಿದ್ದರೆ, ನನಗೆ ಈ ರಾಸಾಯನಿಕಗಳ ಹಂಗು ಬೇಕಿತ್ತೇ ಎಂದು ಯೋಚಿಸುತ್ತೇನೆ. ಬಹುಶಃ ಬೇಕಿರಲಿಲ್ಲ. ನನಗೆ ಬೇಕಾದದ್ದು ಬೆಳ್ಳಿಯಲ್ಲ, ಸಾಲು.

ಹಾಳೆಯಲ್ಲಿ ಅತ್ತೆಯ ಎರಡು ಚಿತ್ರಗಳ ಸಂಖ್ಯೆ 22 ಮತ್ತು 23. ನಾನು 22ರ ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮಾವ ಭೂತಗಾಜಿನಲ್ಲಿ ನೋಡಿ "23 ಹಾಕು" ಎಂದರು.

"ಅದರಲ್ಲಿ ಕೈ ಅಲುಗಿದೆಯಲ್ಲ ಮಾವ. ಅರ್ಧ ಎದ್ದಿದ್ದಾರೆ."

"ಕೈ ನೋಡಬೇಡ, ನೆರಳು ನೋಡು. 22ರಲ್ಲಿ ಕೂದಲಿನ ಕಡೆ ಖಾಲಿ ಬಿದ್ದಿದೆ, ಏನು ಮಾಡಿದರೂ ಬರಿಯ ಕಪ್ಪು. 23ರಲ್ಲಿ ಮುಖ ಕಿಟಕಿಗೆ ತಿರುಗಿದೆ, ಕೂದಲಿನಲ್ಲೂ ಎಳೆ ಎಳೆ ಉಳಿದಿದೆ. ಒಳ್ಳೆಯ ನೆಗೆಟಿವ್."

ಅದು ತಮ್ಮ ಹೆಂಡತಿಯ ಚಿತ್ರ ಎಂಬುದನ್ನು ಮರೆತವರ ಹಾಗೆ ಹೇಳಿದರು. ಭೂತಗಾಜಿನ ಕೆಳಗೆ ನಾನು ಮತ್ತೊಮ್ಮೆ ನೋಡಿದೆ. ಕುರ್ಚಿಯ ಕೈಯ ಮೇಲೆ ಒಂದು ಕೈ ಊರಿ, ಇನ್ನೊಂದು ಕೈ ಗಾಳಿಯಲ್ಲಿ ಮಸುಕಾಗಿ, ಬಾಯಿ ತುಂಬ ನಗುತ್ತಾ ಏಳುತ್ತಿರುವ ಹೆಂಗಸು. ನನಗೆ ಗೊತ್ತಿರುವ ಅತ್ತೆ ಇವರೇ; 22ರಲ್ಲಿ ಕೂತಿದ್ದವರು ಗುರುತಿನ ಚೀಟಿಗೆ ಬಂದವರು.

23ನ್ನು ಪ್ರಿಂಟ್ ಹಾಕಲು ಸಂಜೆಯೆಲ್ಲ ಹಿಡಿಯಿತು. ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್ಲಾರ್ಜರಿನಲ್ಲಿ ನೆಗೆಟಿವ್ ಇಟ್ಟು, ಕಾಗದದ ಒಂದು ಪಟ್ಟಿಯ ಮೇಲೆ ಹಂತ ಹಂತವಾಗಿ ಹೆಚ್ಚು ಹೆಚ್ಚು ಬೆಳಕು ಕೊಟ್ಟು, ಯಾವ ಹಂತ ಸರಿ ಎಂದು ಮೊದಲು ನೋಡಿಕೊಳ್ಳಬೇಕು. ಮುಖಕ್ಕೆ ಸರಿಯಾದ ಸಮಯದಲ್ಲಿ ಕಿಟಕಿ ಬರಿಯ ಬಿಳಿ ಕಾಗದವಾಗುತ್ತಿತ್ತು. ಕಿಟಕಿಗೆ ಸರಿಯಾದ ಸಮಯದಲ್ಲಿ ಮುಖ ಮಸಿ ಬಳಿದಂತಾಗುತ್ತಿತ್ತು. ಮಾವ ಒಂದು ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆ ತೆಗೆದರು. ಬೆಳಕು ಬೀಳುತ್ತಿರುವಾಗ ಆ ಬಿಲ್ಲೆಯನ್ನು ಮುಖದ ಮೇಲೆ ಕೆಲವು ಸೆಕೆಂಡ್ ಆಡಿಸುತ್ತಿದ್ದರೆ ಅಲ್ಲಿ ಬೆಳಕು ಕಡಿಮೆಯಾಗಿ ಮುಖ ತಿಳಿಯಾಗುತ್ತದೆ. ಆಮೇಲೆ ನಡುವೆ ತೂತಿರುವ ಇನ್ನೊಂದು ರಟ್ಟು ಹಿಡಿದು, ಕಿಟಕಿಯ ಭಾಗಕ್ಕಷ್ಟೇ ಮತ್ತಷ್ಟು ಬೆಳಕು. ಬಿಲ್ಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಅದರ ಅಂಚು ಚಿತ್ರದಲ್ಲಿ ಮೂಡುತ್ತದೆ, ಆದ್ದರಿಂದ ಕೈ ಸದಾ ಅಲುಗುತ್ತಿರಬೇಕು. ಬೆಳಕಿನ ಕೆಳಗೆ ಅವರ ಒರಟು ಬೆರಳುಗಳು ಅಲುಗುತ್ತಿದ್ದುದನ್ನು ನೋಡಿದರೆ, ಫಿಲ್ಮ್ ಸುಳ್ಳು ಹೇಳುವುದಿಲ್ಲ, ಡಿಜಿಟಲ್ ಮಾತ್ರ ತಿದ್ದುತ್ತದೆ ಎಂದು ವಾದಿಸುವವರನ್ನು ಈ ಕೋಣೆಯಲ್ಲಿ ಒಂದು ಗಂಟೆ ಕೂರಿಸಬೇಕೆನಿಸಿತು. ಯಾರ ಮುಖವನ್ನು ತಿಳಿಯಾಗಿಸಬೇಕು, ಯಾವ ಹಿನ್ನೆಲೆಯನ್ನು ಕಪ್ಪಿನಲ್ಲಿ ಮುಳುಗಿಸಬೇಕು ಎಂದು ಮಾವ ಜೀವಮಾನವಿಡೀ ತೀರ್ಮಾನಿಸಿದ್ದರು. ಆ ಚಿತ್ರಗಳ ಮೇಲೆ ಅವರ ಹೆಸರಿಲ್ಲ.

ತಟ್ಟೆಯ ಡೆವಲಪರಿನಲ್ಲಿ ಕಾಗದ ಮುಳುಗಿಸಿದಾಗ ಚಿತ್ರ ಮೂಡಿ ಬರುವುದನ್ನು ಎಲ್ಲರೂ ವರ್ಣಿಸಿದ್ದಾರೆ; ಅದು ಚೆನ್ನಾಗಿಯೇ ಇರುತ್ತದೆ. ನಾನು ಗಮನಿಸಿದ್ದು ಕ್ರಮವನ್ನು. ಮೊದಲು ಬರುವುದು ಮುಖವಲ್ಲ, ಕೂದಲು ಮತ್ತು ಕುರ್ಚಿಯ ಕೆಳಗಿನ ನೆರಳು. ಕಣ್ಣು, ಆಮೇಲೆ ನಗುವಿನ ಗೆರೆಗಳು. ಕಿಟಕಿಯ ಸರಳುಗಳು ಎಲ್ಲಕ್ಕಿಂತ ಕೊನೆಗೆ, ಬರುತ್ತವೋ ಇಲ್ಲವೋ ಎಂದು ಕಾಯಿಸಿ ಬಂದವು.

ತೊಳೆದು ಒಣಗಿಸಿದ ಪ್ರಿಂಟನ್ನು ಅತ್ತೆಗೆ ಕೊಟ್ಟೆವು. ಕನ್ನಡಕ ಹಾಕಿಕೊಂಡು ನೋಡಿದರು.

"ಇದೇನಿದು, ಬಾಯಿ ತೆರೆದುಕೊಂಡಿದ್ದೇನೆ. ಕೈಯೇ ಇಲ್ಲ. ಸರಿಯಾಗಿ ಕೂತಿದ್ದೆನಲ್ಲ, ಅದನ್ನು ಏನು ಮಾಡಿದಿರಿ?"

ನಾನು ಬೆಳಕು, ನೆರಳು ಎಂದೆಲ್ಲ ಹೇಳತೊಡಗಿದೆ. ಅವರು ಕಾಂಟ್ಯಾಕ್ಟ್ ಶೀಟನ್ನು ಎಳೆದುಕೊಂಡು ಬೆರಳಿಟ್ಟರು. "ಇದು. ಇದೇ ಬೇಕು ನನಗೆ." 22.

ಮಾವ ನನ್ನ ಕಡೆ ತಿರುಗಿ "ಗಿರಾಕಿ ಕೇಳಿದ್ದನ್ನು ಕೊಡಬೇಕು" ಎಂದು ಮತ್ತೆ ಕೈಗವಸು ಏರಿಸಿದರು. 22 ಬೇಗ ಮುಗಿಯಿತು. ಬಿಲ್ಲೆ ಬೇಡ, ರಟ್ಟು ಬೇಡ, ಮೊದಲ ಹಾಳೆಯೇ ಸರಿ ಬಂತು. ಕೂದಲಿನ ಕಡೆ ಅವರು ಹೇಳಿದಂತೆ ಬರಿಯ ಕಪ್ಪು. ಅದು ಒಣಗುವ ಮೊದಲೇ ಅತ್ತೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಅಲ್ಲೇ ನಿಂತು ಎರಡನ್ನು ಅಳಿಸಿ ಮೂರನೆಯದನ್ನು ಬಂಧುಗಳಿಗೆಲ್ಲ ಕಳುಹಿಸಿದರು. 23 ನನ್ನ ಬಳಿ ಇದೆ. ಹತ್ತು ವರ್ಷ ಕಳೆದ ಮೇಲೆ ಅವರಿಗೆ ಯಾವುದು ಬೇಕಾಗುತ್ತದೋ ನೋಡಬೇಕು. ನೆಗೆಟಿವ್ ಎರಡೂ ಒಂದೇ ಪಟ್ಟಿಯಲ್ಲಿವೆ.

ತಟ್ಟೆಗಳನ್ನು ತೊಳೆಯುತ್ತಿದ್ದಾಗ ಮಾವ ಕೇಳಿದರು, "ಕ್ಯಾಮೆರಾದಲ್ಲಿ ಬೇರೆ ರೀಲು ಹಾಕಿದ್ದೀಯೇನು?"

"ಹಾಕಿದ್ದೇನೆ. ಎಂಟು ಆಗಿದೆ."

"ಹಾಗಾದರೆ ಮಿಕ್ಕ ಡಿ-76 ಚೆಲ್ಲಬೇಡ. ಸಣ್ಣ ಬಾಟಲಿಗೆ ಕತ್ತಿನವರೆಗೂ ತುಂಬಿ ಬಿಗಿಯಾಗಿ ಮುಚ್ಚು. ಗಾಳಿ ಸೇರಿದರೆ ಕೆಡುತ್ತದೆ. ಇವತ್ತಿನ ತಾರೀಕು ಬರೆದಿಡು."